ಬರಿಗಾಲಿನ ಒಂದು ಹೊಡೆತ

ಅಳಿಯನ ಗಾಲ್ಫ್ ತಿರುಗಾಟದಲ್ಲಿ ಇದು ಎರಡನೆಯ ರೆಸಾರ್ಟು. ಇಲ್ಲಿ ಸದಸ್ಯರಲ್ಲದವರೂ ಆಡಬಹುದಂತೆ. ಹಾಗಾದರೆ ನಾನೂ ಒಂದು ಚೆಂಡನ್ನು ಗುಂಡಿಗೆ ಬೀಳಿಸಿಯೇ ನಮ್ಮೂರು ಕೊಳಕೂರಿಗೆ ಹೊರಡುವುದು ಎಂದು ಹಟ ಹಿಡಿದೆ. ಗುಂಡಿಯ ಸುತ್ತಲಿನ ಹುಲ್ಲನ್ನು ನಮ್ಮ ಜೋಳದ ರಾಶಿಯ ಕಣದ ಹಾಗೆ ನುಣ್ಣಗೆ ಮಾಡಿದ್ದರು. ಕಣಕ್ಕೆ ಕಾಲಿಡುವಂತೆ ಚಪ್ಪಲಿ ಬಿಟ್ಟು ಹತ್ತಿದೆ.

ಹುಲ್ಲು ನೋಡಿಕೊಳ್ಳುವ ಭೂಸನೂರಿನ ಮೆಹಬೂಬ ಓಡಿಬಂದ. "ಆಯಿ, ಇಲ್ಲಿ ಬೂಟ್ ಬೇಕ್ರಿ. ಬರಿಗಾಲಾಗ ಬರಂಗಿಲ್ರಿ."

"ನಿಮ್ಮೂರಾಗ ಕಣಕ್ಕ ಬೂಟ್ ಹಾಕ್ಕೊಂಡ್ ಹೋಗ್ತೀಯೇನಪಾ?"

ಅವನು ನಕ್ಕು ಅತ್ತಿತ್ತ ನೋಡಿದ. "ಒಂದೇ ಹೊಡ್ತ ನೋಡ್ರಿ. ಮ್ಯಾನೇಜರ್ ಬರೂದ್ರಾಗ ಮುಗಸ್ರಿ."

ಅಳಿಯ ಅದೇ ಜಾಗದಿಂದ ಮೂರು ಸಲ ಗುರಿ ತಪ್ಪಿದ್ದ. ಆದರೂ "ಅತ್ತಿ, ನೆಟ್ಟಗ ಹೊಡೀರಿ" ಎಂದ. ನೆಲ ಎಡಕ್ಕೆ ಇಳಿದಿರುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೋಲಿನಿಂದ ಚೆಂಡನ್ನು ಗುಂಡಿಯ ಬಲಗಡೆಗೆ ಹೊಡೆದೆ.

"ಎಲ್ಲಿಗಿ ಹೊಡದ್ರಿ ಅತ್ತಿ!" ಎಂದು ಅವನು ನಗುತ್ತಿರುವಾಗಲೇ ಚೆಂಡು ನಿಧಾನವಾಗಿ ಎಡಕ್ಕೆ ಹೊರಳಿ ಗುಂಡಿಯೊಳಗೆ ಬಿತ್ತು.

ಅಳಿಯ ಹುಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಮೆಹಬೂಬ ತಲೆ ಹಿಡಿದುಕೊಂಡ.

"ಯಾ ಅಲ್ಲಾ, ನೀವೂ ಏನ್ರಿ ಸಾಹೇಬ್ರ?"