ಅವ್ವ ಕಾಯಿಲೆ ನೋಡಲು ಬಂದರೆ

ಹೋದ ವರ್ಷ ಎದೆ ಹಿಡಿದುಕೊಂಡಂತಾಗಿ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ಬರೀ ಗ್ಯಾಸು ಅಂತ ಡಾಕ್ಟರು ಹೇಳಿ ಆಗಿತ್ತು. ನಾನು ನಂಬಿರಲಿಲ್ಲ. ಮನೆಗೆ ಬೀಗ ಹಾಕಿ ಬೀದಿ ತುದಿಯವರೆಗೆ ಹೋದವನು, ಬೀಗವನ್ನು ಇನ್ನೊಮ್ಮೆ ಎಳೆದು ನೋಡಲು ವಾಪಸು ಬರುವ ಜಾತಿ ನನ್ನದು. ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಬಸ್ಸು ಹಿಡಿದು ಅವ್ವ ಬಂದಳು. ವಾರ್ಡಿನ ಬಾಗಿಲಲ್ಲಿ ಅವಳ ಹಸಿರು ಸೀರೆ ಕಂಡದ್ದೇ ತಡ, ನನ್ನ ಕೈಕಾಲು ತಣ್ಣಗಾದವು. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ನಮ್ಮೂರ ಕಡೆಯವಳು. ಅವ್ವನ ಗುರುತು ಹಿಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವ್ವ ಸ್ಟೂಲು ಎಳೆದು ಕೂತು ನನ್ನ ಮುಖ ನೋಡಿದಳು.

"ಯಾಕ್ಲಾ ಮಗ, ಅಂಗ್ ಬೆಚ್ಚಿಯೆ? ನಾ ಗಂಡುಸ್ರಿಗೆ ನೀರು ಉಯ್ಯಕಿಲ್ಲ ಕಣ. ಸುಮ್ಕೆ ಮಲಿಕೋ."

ನಮ್ಮೂರಲ್ಲಿ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವಳು ಅವ್ವ. ನೀರು ಕಾಯಿಸುವುದು, ಮೈ ತೊಳೆಯುವುದು, ಅರಿಶಿನ ಹಚ್ಚುವುದು, ಸಿಕ್ಕು ಬಿಡಿಸಿ ತಲೆ ಬಾಚುವುದು, ನೆರಿಗೆ ಹಿಡಿದು ಸೀರೆ ಉಡಿಸುವುದು ಎಲ್ಲ ಅವಳದೇ. ಮನೆಯವರು ಅಳುತ್ತಾರೆ, ನೆಂಟರು ದಾರಿಯಲ್ಲಿರುತ್ತಾರೆ, ಮುಟ್ಟಲು ಎಲ್ಲರಿಗೂ ಭಯ. ಈಗ ಫ್ರೀಜರ್ ಪೆಟ್ಟಿಗೆ ಬಂದಿದೆ, ಸಾವಿನ ಸುದ್ದಿ ಹೂವಿನ ಚಿತ್ರದ ಜೊತೆ ವಾಟ್ಸಾಪಿನಲ್ಲಿ ಬರುತ್ತದೆ. ನೀರು ಹಾಕಲು ಮಾತ್ರ ಇನ್ನೂ ಅವ್ವನಿಗೇ ಫೋನು.

ಅವಳು ಮಾಡಿದ್ದು ಇದೊಂದೇ ಅಲ್ಲ. ಹೆರಿಗೆಗೆ ಹೋದವರ ಜೊತೆ ಆಸ್ಪತ್ರೆಯಲ್ಲಿ ಕೂತಿದ್ದಾಳೆ. ಹೆಣ್ಣುಮಕ್ಕಳನ್ನು ಹಾಸ್ಟೆಲ್ಲಿಗೆ ಸೇರಿಸಲು ಕಚೇರಿ ಅಲೆದಿದ್ದಾಳೆ. ಕುಡಿದು ಹೊಡೆಯುವ ಗಂಡಂದಿರ ಮನೆ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಅವರ ಮಾನ ತೊಳೆದಿದ್ದಾಳೆ. ಊರು ನೆನಪಿಟ್ಟುಕೊಂಡಿರುವುದು ಸತ್ತವರನ್ನು ತೊಳೆದದ್ದನ್ನು ಮಾತ್ರ. ಅದಕ್ಕೇ ಯಾರಾದರೂ ಹಾಸಿಗೆ ಹಿಡಿದರೆ ಅವ್ವ ನೋಡಲು ಬರುವುದು ಅವರಿಗೆ ಬೇಡ. ಕಿತ್ತಳೆಹಣ್ಣು ಹಿಡಿದು ಹೋದರೂ ಮನೆಯವರ ಕಣ್ಣು ಹಣ್ಣಿನ ಮೇಲಿರುವುದಿಲ್ಲ, ಅವಳ ಕೈ ಮೇಲಿರುತ್ತದೆ.

ಇದೆಲ್ಲ ಶುರುವಾದದ್ದು ನಾನು ಚಿಕ್ಕವನಿದ್ದಾಗ. ನಮ್ಮ ಬೀದಿಯ ಬಾಣಂತಿಯೊಬ್ಬಳು ತೀರಿಕೊಂಡಳು. ಬಾಣಂತಿ ಹೆಣ ಅಂತ ಯಾರೂ ಒಳಗೆ ಹೋಗಲಿಲ್ಲ. ಅವ್ವ ಸೀರೆ ಎತ್ತಿಕಟ್ಟಿಕೊಂಡು ಹೋದಳು. ಅವಳ ಹಿಂದೆಯೇ ಪಕ್ಕದ ಮನೆಯ ಗೆಳತಿ ಬಿಂದಿಗೆ ಹಿಡಿದು ಹೋದಳು. ನಾನು ಅವರನ್ನು ಚಿಕ್ಕವ್ವ ಅನ್ನುತ್ತೇನೆ. ಒಬ್ಬರು ನೀರು ಉಯ್ಯಬೇಕು, ಒಬ್ಬರು ತೊಳೆಯಬೇಕು. ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ. ಅಂದಿನಿಂದ ಇಬ್ಬರೂ ಜೋಡಿ. ಜಾತಿ ನೋಡುತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಮೊದಲು ನೋಡುತ್ತಿದ್ದರು. ಆಮೇಲೆ, ದಿಕ್ಕಿಲ್ಲದ ಒಬ್ಬಳು ಮುದುಕಿ ಬಸ್ ಸ್ಟ್ಯಾಂಡಿನಲ್ಲಿ ಸತ್ತಾಗ, ಕೇಳೋಣವೆಂದರೆ ಹೇಳುವವರು ಯಾರೂ ಇರಲಿಲ್ಲ. ಅಲ್ಲಿಂದ ಕೇಳುವುದೇ ಬಿಟ್ಟುಹೋಯಿತು.

ತೊಳೆಯುವಾಗ ಅವ್ವ ಮಾತಾಡುತ್ತಾಳೆ. ಹೊರಗೆ ಕೂತು ನಾನೇ ಕೇಳಿದ್ದೇನೆ. "ತಲೆ ಎತ್ತಮ್ಮಿ... ಆತು ಆತು, ಇನ್ನೊಂದು ಚೊಂಬು ಅಷ್ಟೆ." ಚಿಕ್ಕವ್ವ ಗದರುತ್ತಿದ್ದರು: "ಅವ್ಳೇನು ಜವಾಬು ಕೊಟ್ಟಾಳಾ? ಸುಮ್ಕೆ ಉಜ್ಜು, ನೀರು ಆರೋಯ್ತದೆ."

ಆಮೇಲೆ ಚಿಕ್ಕವ್ವ ಹಂಗಳಕ್ಕೆ, ಮಗನ ಮನೆಗೆ ಹೋದರು. ಗುಂಡ್ಲುಪೇಟೆಯಿಂದ ದೂರವೇನಿಲ್ಲ. ಯಾರಾದರೂ ಸತ್ತರೆ ಬಸ್ಸಿಗೆ ಬಂದು ನೀರು ಉಯ್ದು ಹೋಗುತ್ತಿದ್ದರು. ಈ ವರ್ಷ ಅವರಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ಮಾತು ಸ್ವಲ್ಪ ಎಳೆಯುತ್ತದಾದರೂ ಅರ್ಥವಾಗುತ್ತದೆ ಅಂತ ಸುದ್ದಿ ಬಂತು.

ಭಾನುವಾರ ಅವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಊಟಿಗೆ ಹೋಗುವವರ ಕಾರುಗಳ ನಡುವೆ ನಾನು ಓಡಿಸುವ ರೀತಿಗೆ ಹಿಂದಿನವರೆಲ್ಲ ಹಾರನ್ ಹೊಡೆಯುತ್ತಾರೆ. ಹಗಲು ಹೊತ್ತಿನಲ್ಲೂ ಆನೆ ಬಂದರೆ ಅಂತ ನಾನು ಎಡಬಲ ನೋಡುತ್ತೇನೆ. ಅವ್ವ ಮಾತ್ರ ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು.

ಬಾಗಿಲಲ್ಲಿ ಚಿಕ್ಕವ್ವನ ಸೊಸೆ ನಿಂತಿದ್ದಳು.

"ಈಗ್ತಾನೆ ಮಲಗವ್ರೆ ದೊಡ್ಡವ್ವ. ಎಬ್ಬಿಸ್ಬ್ಯಾಡಿ ಅಂತ ಡಾಕ್ಟ್ರು ಯೋಳವ್ರೆ. ಕೂತ್ಕಳಿ, ಕಾಪಿ ತತ್ತೀನಿ."

ಜಗಲಿಯಲ್ಲೇ ಕಾಫಿ ಬಂತು. ಒಳಗಿನಿಂದ ಚಿಕ್ಕವ್ವ ಕೆಮ್ಮಿದ್ದು ಕೇಳಿಸಿತು. ಸೊಸೆಯ ಮುಖ ಕೆಂಪಾಯಿತು. ಅವ್ವ ಕಾಫಿ ಕುಡಿದು, ಹಣ್ಣಿನ ಚೀಲವನ್ನು ಹೊಸಿಲಿನ ಈಚೆಗೇ ಇಟ್ಟು ಎದ್ದಳು.

ಕಾರಿನಲ್ಲಿ ಅವಳಿಗೆ ಸಮಾಧಾನ ಹೇಳಲು ನಾನು ನಾಲ್ಕಾರು ವಾಕ್ಯ ಜೋಡಿಸಿಕೊಂಡೆ. ಅವಳೇ ಮೊದಲು ಮಾತಾಡಿದಳು.

"ಆ ಉಡ್ಗೀದು ತಪ್ಪಿಲ್ಲ ಬುಡು. ಅವ್ಳ ಜಾಗ್ದಲ್ಲಿ ನಾನಿದ್ರೂ ಅಂಗೇ ಮಾಡ್ತಿದ್ದೆ." ಆಮೇಲೆ ಅಂದಳು: "ನಿನ್ ಚಿಕ್ಕವ್ವ ಓದ್ಮೇಲೆ ನನ್ನ ನೀರಾಕಕ್ಕೆ ಕರ್ದೇ ಕರೀತಾರೆ. ಆಗ ಅವ್ಳು ನನ್ ಕೂಡ ಮಾತಾಡಾಳಾ?"

ಆ ವಾರವಿಡೀ ಕಚೇರಿಯಲ್ಲಿ ಕೂತು ಅದನ್ನೇ ಮೆಲುಕು ಹಾಕಿದೆ. ಹಂಗಳದ ನಂಬರಿನಿಂದ ಫೋನು ಬಂದರೆ ಅನ್ನುವ ಭಯಕ್ಕೆ ರಿಂಗು ತೆಗೆದು ವೈಬ್ರೇಶನ್‌ಗೆ ಹಾಕಿದೆ. ಆಮೇಲೆ ವೈಬ್ರೇಶನ್ ಗೊತ್ತಾಗದೇ ಹೋದರೆ ಅಂತ ಮತ್ತೆ ರಿಂಗಿಗೆ ಹಾಕಿದೆ. ಕೊನೆಗೆ ಅವ್ವನಿಗೆ ಹೇಳದೆ ನಾನೊಬ್ಬನೇ ಹಂಗಳಕ್ಕೆ ಹೋಗಿ ಚಿಕ್ಕವ್ವನ ಮಗನ ಮುಂದೆ ಕೂತೆ. ಈ ಕಾಲದಲ್ಲೂ ಶಕುನ ಅಪಶಕುನ ಅಂತೀರಲ್ಲಪ್ಪ ಅಂತ ದೊಡ್ಡ ಭಾಷಣ ಮಾಡಿದೆ. ಆಸ್ಪತ್ರೆಯಲ್ಲಿ ಹಸಿರು ಸೀರೆ ಕಂಡು ತಣ್ಣಗಾದವನೇ ಹೀಗೆ ಭಾಷಣ ಮಾಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ, ಪುಣ್ಯ.

ಅವನು ತಲೆ ಬಗ್ಗಿಸಿ ಕೇಳಿದ. ಆಮೇಲೆ ದನಿ ತಗ್ಗಿಸಿ ಅಂದ: "ನಾವಲ್ಲ ಕಣಣ್ಣ. ನಮ್ಮವ್ವನೇ ಬ್ಯಾಡ ಅಂದವ್ಳೆ. 'ಅವ್ಳು ಬಾಗ್ಲಲ್ಲಿ ನಿಂತ್ರೆ ನನ್ ಜೀವ ತಡೆಯಕಿಲ್ಲ, ಒಳಕ್ ಬುಡ್ಬ್ಯಾಡಿ' ಅಂತಾಳೆ. ನಾನೇನ್ ಮಾಡ್ಲಿ, ನೀನೇ ಯೋಳು."

ಊರಿನ ಎಲ್ಲ ಬಾಗಿಲುಗಳೂ ಅವ್ವನಿಗೆ ಹೆದರಲಿ, ಚಿಕ್ಕವ್ವ ಹೆದರುತ್ತಾರೆಂದು ನಾನು ಎಣಿಸಿರಲಿಲ್ಲ. ಎಷ್ಟೋ ಹೆಂಗಸರ ತಲೆ ಮೇಲೆ ನೀರು ಉಯ್ದ ಕೈ ಅವರದು. ಬಹುಶಃ ಅದಕ್ಕೇ ಇರಬೇಕು. ಸಾವು ನಮಗೆಲ್ಲ ಅಂದಾಜು, ಅವರಿಗೆ ಕಣ್ಣಾರೆ ಕಂಡ ವಿಷಯ.

ಗುಂಡ್ಲುಪೇಟೆಗೆ ಬರುವಷ್ಟರಲ್ಲಿ ಒಂದು ಸುಳ್ಳನ್ನು ಚೆನ್ನಾಗಿ ಸಿದ್ಧಮಾಡಿಕೊಂಡಿದ್ದೆ. ಅವ್ವ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಕೇಳಿದಳು:

"ಅಂಗ್ಳುಕ್ ಅವ್ಳ್ ಮನೆಗ್ ಓಗಿದ್ಯಾ? ಅವ್ಳೇ ಬ್ಯಾಡ ಅಂದ್ಲಾ?"

ಸಿದ್ಧಮಾಡಿದ್ದ ಸುಳ್ಳು ಬಿಟ್ಟು ಹೂಂ ಅಂದೆ. ಅವ್ವ ಮತ್ತೆರಡು ಕಾಯಿ ಸುಲಿದಳು. ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕಿದ್ದು ಅವಳ ಗಮನಕ್ಕೆ ಬರಲಿಲ್ಲ.

"ಓಗ್ಲಿ ಬುಡು. ಪೋನ್ ಮಾಡಿ ಕೊಡು. ಪೋನಲ್ಲಿ ಮಕ ಕಾಣಕಿಲ್ವಲ್ಲ."

ಹೀಗೆ ಫೋನು ಶುರುವಾಯಿತು. ಸೊಸೆ ಫೋನನ್ನು ಚಿಕ್ಕವ್ವನ ಕಿವಿಗೆ ಹಿಡಿಯುತ್ತಿದ್ದಳಂತೆ. ಈ ಕಡೆ ಅವ್ವ ಸ್ಪೀಕರಿಗೆ ಹಾಕಿಸಿಕೊಂಡು, ಆದರೂ ಬೀದಿ ದಾಟಿ ಕೂಗುವಂತೆ ಕೂಗುತ್ತಿದ್ದಳು. ಸೊಪ್ಪಿನ ಬೆಲೆ, ಸೊಸೆಯರ ಅಡಿಗೆ, ಮುರಿದುಹೋದ ಒಂದು ಸಂಬಂಧ. ಸಾವಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಊರಲ್ಲಿ ಇಬ್ಬರು ಮುದುಕಿಯರು ಹೋದರು. ಅವ್ವ ಹೋಗಿ ನೀರು ಹಾಕಿ ಬಂದಳು. ಉಯ್ಯಲು ಯಾರೋ ಸಿಕ್ಕಿದರು. ಆ ದಿನಗಳಲ್ಲಿ ಹಂಗಳಕ್ಕೆ ಫೋನು ಮಾಡುತ್ತಿರಲಿಲ್ಲ.

ಒಂದು ಶನಿವಾರ ನಾನು ಪಕ್ಕದಲ್ಲೇ ಇದ್ದೆ. ಚಿಕ್ಕವ್ವ ಫೋನಿನಲ್ಲಿ ಎಳೆದೆಳೆದು ಅಂದರು: "ಬಾರಮ್ಮಿ. ಬಂದು ಓಗು."

ಇಷ್ಟು ದಿನ ಇದಕ್ಕೇ ಕಾದಿದ್ದವಳು ಈಗ ಕುಣಿದು ಹೊರಡುತ್ತಾಳೆ ಅಂದುಕೊಂಡೆ. ಅವ್ವ ಹೊರಡಲಿಲ್ಲ. ಮಂಡಿ ನೋವು ಅಂದಳು. ಹೆಸರುಕಾಳು ಒಣಗಿಸಬೇಕು ಅಂದಳು. ಆ ರಸ್ತೆಯಲ್ಲಿ ಆನೆ ಬರುತ್ತವಂತೆ ಅಂತ ನನ್ನ ಮಾತನ್ನು ನನಗೇ ತಿರುಗಿಸಿದಳು. ಮುಂದಿನ ವಾರ ನೋಡುವ ಅಂದಳು. ಬೀಗ ಎಳೆದು ನೋಡುವ ನನ್ನ ಚಾಳಿ ಅಪ್ಪನ ಕಡೆಯಿಂದ ಬಂದದ್ದೆಂದು ಇಷ್ಟು ವರ್ಷ ನಂಬಿದ್ದೆ.

"ಕರ್ದವ್ರಲ್ಲವ್ವ, ಹೋಗನ," ಅಂದೆ.

"ಅದುಕ್ಕೇ ಕಣ್ಲಾ," ಅಂದಳು. "ಅವ್ಳು ಯಾಕ್ ಕರುದ್ಲು?"

ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೂ ವಾರ ಕಳೆದ ಮೇಲೆ, ಜೀವಮಾನದಲ್ಲಿ ಅಪರೂಪಕ್ಕೆ, ಟೈರಿನ ಗಾಳಿ ಕೂಡ ನೋಡದೆ ಕಾರು ತೆಗೆದು ಹಾರನ್ ಹೊಡೆದೆ.

ಹಂಗಳದಲ್ಲಿ ಸೊಸೆ ಈ ಸಲ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಅವ್ವ ಹೊಸಿಲ ಮೇಲೆ ನಿಂತಳು. ಹಿಂದಿನಿಂದ ನನಗೆ ಕಂಡದ್ದು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದ ಅವಳ ಕೈ. ಒಳಗಿನಿಂದ ಚಿಕ್ಕವ್ವನ ದನಿ ಬಂತು.

"ಯಾಕಮ್ಮಿ ಅಲ್ಲೇ ನಿಂತ್ಕಂಡೆ? ನಾನಿನ್ನೂ ಇವ್ನಿ, ಬಾ. ತಲೆಯೆಲ್ಲ ನವೆ ಕಣೆ. ಈ ಉಡ್ಗಿ ನನ್ ತಲೆ ಮುಟ್ಟಕ್ಕೇ ಎದ್ರುತಾಳೆ. ಕೂದ್ಲು ಜಡೆಗಟ್ಟೋಗದೆ. ನೀನಾದ್ರೆ ಬಿಡುಸ್ತೀಯೆ ಅಂತ ಕರುದ್ರೆ, ವಾರ ಮಾಡಿ ಬಂದಿಯೆ."

ಅದಕ್ಕೆ ಕರೆದದ್ದು. ಬರೀ ಅದಕ್ಕೇನಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಮಗ ಎತ್ತಿ ತಂದು ಕೂರಿಸಿ ಹೊರಗೆ ಬಂದ. ಹಂಡೆಯ ನೀರು ತೋಡಿ ಉಯ್ಯಲು ಸೊಸೆ ನಿಂತಳು, ತೊಳೆಯಲು ಅವ್ವ. ಬಚ್ಚಲ ಬಾಗಿಲು ಮುಚ್ಚಿಕೊಂಡಿತು. ಮಗನೂ ನಾನೂ ಜಗಲಿಯಲ್ಲಿ ಕೂತೆವು. ಆ ಶಬ್ದ ನನಗೆ ಗೊತ್ತು: ಚೊಂಬು ಹಂಡೆಗೆ ತಗಲುವುದು, ನೀರು ಬೀಳುವುದು, ಅವ್ವನ ದನಿ. ಇದುವರೆಗೆ ಅದನ್ನು ನಾನು ಕೇಳಿದ್ದು ಸತ್ತ ಮನೆಗಳ ಹೊರಗೆ ಮಾತ್ರ. ಎದೆಯಲ್ಲಿ ಮತ್ತೆ ಗ್ಯಾಸು ಸೇರಿಕೊಂಡಿತು.

"ತಲೆ ಎತ್ತಮ್ಮಿ," ಅಂದಳು ಅವ್ವ. "ಇನ್ನೊಂದು ಚೊಂಬು."

"ಅಯ್ಯಯ್ಯೋ! ಸುಡ್ತದೆ ಕಣೆ! ಕೊಂದ್ಬುಟ್ಟೀಯೆ ನನ್ನ!"

ನೀರಿನ ಸದ್ದು ನಿಂತಿತು. ಮಗ ನನ್ನ ಮುಖ ನೋಡಿದ. ಆಮೇಲೆ ಅವ್ವನ ದನಿ ಬಂತು. ನಗುತ್ತಿದ್ದಳೋ ಅಳುತ್ತಿದ್ದಳೋ, ಬಾಗಿಲ ಈಚೆಯಿಂದ ತಿಳಿಯಲಿಲ್ಲ.

"ಸುಡ್ತದಾ? ನಂಗೇನ್ ಗೊತ್ತಮ್ಮಿ. ಇದುವರ್ಗೂ ಯಾರೂ ಯೋಳಿರ್ನಿಲ್ಲ."

ಹೊರಡುವಾಗ ಚಿಕ್ಕವ್ವ ಒದ್ದೆ ತಲೆಗೆ ಟವೆಲು ಸುತ್ತಿಸಿಕೊಂಡು ಮಲಗಿದ್ದರು. ಸರಿಯಿದ್ದ ಕೈಯಿಂದ ಅವ್ವನ ಸೆರಗು ಹಿಡಿದುಕೊಂಡರು. "ಇನ್ಮೇಲೆ ಕರೆಯೋಗಂಟ ಕಾಯ್ಬ್ಯಾಡ. ಸುಮ್ಕೆ ಬಾ," ಅಂದರು.

ಈಗ ಭಾನುವಾರ ಬಂತೆಂದರೆ ನಾನು ಗುಂಡ್ಲುಪೇಟೆ ತಲುಪುವ ಮೊದಲೇ ಅವ್ವ ಬಾಚಣಿಗೆ, ಕೊಬ್ಬರಿ ಎಣ್ಣೆ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಹೋದ ವಾರ ನಾನಿನ್ನೂ ತೆರಕಣಾಂಬಿ ದಾಟಿರಲಿಲ್ಲ, ಫೋನು ಬಡಿದುಕೊಂಡಿತು. ಹಂಗಳದ ನಂಬರು. ಕಾರು ಪಕ್ಕಕ್ಕೆ ಹಾಕಿದೆ. ರಿಂಗು ಪೂರ್ತಿ ಆಗಿ ನಿಂತಿತು. ಎರಡನೆಯ ಸಲ ಬಂದಾಗ ಎತ್ತಿದೆ.

"ಅಣ್ಣ, ಸೀಗೆಪುಡಿ ಮುಗ್ದೋಗದೆ," ಅಂದಳು ಸೊಸೆ. "ಬತ್ತಾ ಗುಂಡ್ಲುಪ್ಯಾಟೇಲಿ ತಕ್ಕಬನ್ನಿ."

ದೊಡ್ಡ ಪೊಟ್ಟಣವನ್ನೇ ತೆಗೆದುಕೊಂಡೆ. ಮುಗಿಯುವುದಕ್ಕೆ ತುಂಬ ದಿನ ಹಿಡಿಯುವಂಥದ್ದು.