ರೋಜಾ ಬೆರಳಿಗೆ ಒಪ್ಪಿದ ಜೋಡು

ಗಿಟಾರಿನ ಪಿಕ್ ಪ್ಲಾಸ್ಟಿಕ್ಕಿನದಾದರೆ ನಾಲ್ಕಕ್ಕೆ ನೂರ ಎಂಬತ್ತು ರೂಪಾಯಿ. ತಗಡಿನದು ನಾಲ್ಕಕ್ಕೆ ನಾನೂರ ಐವತ್ತು. ಹೊರದೇಶದಿಂದ ತರಿಸಿದರೆ ಸಾವಿರ ದಾಟುತ್ತದೆ. ನಂಜನಗೂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಅಂಟಿಸುವ ಉಗುರು ಅರವತ್ತಕ್ಕೇ ಸಿಗುತ್ತದೆ, ಆದರೆ ಎರಡನೇ ಹಾಡಿಗೆ ಕಿತ್ತು ಹಾರುತ್ತದೆ. ಇವನ್ನೆಲ್ಲ ಕೊಂಡು, ಹಾಕಿ ನೋಡಿ, ಬೇಡವೆಂದು ತೆಗೆದಿಟ್ಟ ಬಿಸ್ಕತ್ತಿನ ಡಬ್ಬಿಯೊಂದು ಹದಿನಾರು ಎಂಬ ಹೆಸರಿನ ಗ್ರಾಮದ ರೋಜಾ ಅವರ ಮನೆಯಲ್ಲಿದೆ. ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಆಹಾರ ಪ್ಯಾಕಿಂಗ್ ಘಟಕದಲ್ಲಿ ಅವರ ದಿನಗೂಲಿ ನಾನೂರ ಮೂವತ್ತು.

ಬೆಳಗಿನ ಐದು ಗಂಟೆ. ಕಾರ್ಖಾನೆಯ ವ್ಯಾನ್ ಬರಲು ಇನ್ನೂ ಹೊತ್ತಿದೆ. ಜಗಲಿಯ ಮೇಲೆ ಕೂತ ರೋಜಾ ಬಲಗೈಯ ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು, ಉಂಗುರದ ಬೆರಳಿಗೆ ಒಂದು ಪಿಕ್ ಸಿಕ್ಕಿಸುತ್ತಾರೆ. ಪಿಕ್ ಎಂದರೆ ಬೆರಳ ತುದಿಗೆ ಉಂಗುರದಂತೆ ಹಾಕಿಕೊಳ್ಳುವ ಉಗುರು. ನಡುಬೆರಳು ಮಾತ್ರ ಬರಿದಾಗಿದೆ. ಗಿಟಾರು ತೊಡೆಯ ಮೇಲೇರುತ್ತದೆ. ಹೆಬ್ಬೆರಳು ದಪ್ಪ ತಂತಿಯಲ್ಲಿ ತಾಳ ಹಿಡಿದರೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಹೇಳುತ್ತವೆ. ಒಳಗೆ ಒಲೆಯ ಮುಂದಿರುವ ಅತ್ತೆ ಪುಟ್ಟಮಾದಮ್ಮನ ಕೈಬಳೆ ಅದೇ ತಾಳಕ್ಕೆ ಅಲ್ಲಾಡುತ್ತಿದೆ.

ಗಿಟಾರು ಈ ಮನೆಗೆ ರೋಜಾ ಜೊತೆಯಲ್ಲೇ ಬಂದದ್ದು. ಅದು ಅವರ ಅಣ್ಣ ಕೊಂಡಿದ್ದ ಹಳೆಯ ಮಾಲು. “ನಮ್ಮಣ್ಣ ಒಂದು ತಿಂಗ್ಳು ಬಾರಿಸ್ದ, ಬೆರಳು ಉರೀತದೆ ಅಂತ ಬಿಟ್ಬುಟ್ಟ. ನಂಗೂ ಉರೀತಿತ್ತು, ಆದ್ರೆ ಬಿಡಕ್ಕೆ ಮನಸು ಬರ್ಲಿಲ್ಲ ಸಾ” ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತರು. ಟಿ. ನರಸೀಪುರದಲ್ಲಿ ಸೈಕಲ್ ಶಾಪು ನಡೆಸುವ ಶಿವಮೂರ್ತಿಯವರ ಹಾಡುಗಾರರ ತಂಡಕ್ಕೆ ಸೇರಿದರು. ಬುದ್ಧ ಪೂರ್ಣಿಮೆ, ಅಂಬೇಡ್ಕರ್ ಜಯಂತಿ, ಮದುವೆ, ನಾಮಕರಣ ಎಲ್ಲದಕ್ಕೂ ಈ ತಂಡ ಹೋಗುತ್ತದೆ. ಇಡೀ ತಂಡದಲ್ಲಿ ಹೆಂಗಸು ಇವರೊಬ್ಬರೇ.

ತೊಂದರೆ ಶುರುವಾದದ್ದು ಕೆಲಸಕ್ಕೆ ಸೇರಿದ ಮೇಲೆ. ಈ ಬಗೆಯ ವಾದನಕ್ಕೆ ಬಲಗೈ ಉಗುರು ಸ್ವಲ್ಪ ಬೆಳೆದಿರಬೇಕು. ಕಾರ್ಖಾನೆಯಲ್ಲಿ ಸೋಮವಾರ ಸೋಮವಾರ ಬಾಗಿಲಲ್ಲೇ ಕೈ ನೋಡುತ್ತಾರೆ. ಉಗುರು ಕಂಡರೆ ಒಳಗೆ ಬಿಡುವುದಿಲ್ಲ. ರೋಜಾ ಅದನ್ನು ದೂರುವುದೂ ಇಲ್ಲ. “ತಿನ್ನೋ ಪದಾರ್ಥ ಅಲ್ವಾ ಸಾ? ನಮ್ ಮಕ್ಕಳೂ ಅದ್ನೇ ತಿಂತವೆ.” ಬರಿ ಬೆರಳಿನಲ್ಲಿ ನುಡಿಸಿದರೆ ಮನೆಯೊಳಗೆ ಇಂಪಾಗಿರುತ್ತದೆ, ಪೆಂಡಾಲಿನಲ್ಲಿ ತಮಟೆಯ ಪಕ್ಕ ಕೂತರೆ ಇದ್ದೂ ಇಲ್ಲದಂತೆ. ಹೀಗಾಗಿ ಪಿಕ್ಕುಗಳ ಹುಡುಕಾಟ. ತಗಡಿನದು ಕಣ್ಣಿಗೆ ಚೆಂದ, ತಂತಿಯ ಮೇಲೆ ಕರಕರ. ಪ್ಲಾಸ್ಟಿಕ್ಕಿನದು ಬಿಗಿಯಾದರೆ ಬೆರಳು ನೀಲಿಗಟ್ಟುತ್ತದೆ, ಸಡಿಲವಾದರೆ ಹಾಡಿನ ನಡುವೆ ಕಳಚಿ ಕೇಳುವವರ ಮಡಿಲಿಗೆ ಬೀಳುತ್ತದೆ.

ಮಾವ ಮಂಟೇಸ್ವಾಮಿ ವಯಸ್ಸಿನಲ್ಲಿ ತಂಬೂರಿ ಹಿಡಿದು ಊರೂರಲ್ಲಿ ಕತೆ ಹಾಡಿದವರು. ಅವರ ತೋರುಬೆರಳ ತುದಿ ಇಂದಿಗೂ ಹುಣಸೆ ಬೀಜದಷ್ಟು ಗಟ್ಟಿ. ಸೊಸೆಯ ಡಬ್ಬಿ ಕಂಡಾಗಲೆಲ್ಲ ಛೇಡಿಸುತ್ತಿದ್ದರು. “ನಾನು ಒಂದೇ ಬೆರಳಲ್ಲಿ ರಾತ್ರಿಯೆಲ್ಲ ಬೆಳಗಾನ ಬಾರಿಸ್ದೋನು ಕಣ್ ಕೂಸೇ. ನಿಂಗೆ ಕಾಲಿಗಲ್ದೆ ಬೆರಳು ಬೆರಳಿಗೂ ಜೋಡು ಬೇಕಾ?”

ಹೋದ ಬೇಸಿಗೆಯಲ್ಲಿ ಶಿವಮೂರ್ತಿ ಖಡಾಖಂಡಿತ ಹೇಳಿಬಿಟ್ಟರು. “ಬೇಜಾರ್ ಮಾಡ್ಕಬ್ಯಾಡ ರೋಜಾ. ಭಾನುವಾರದ ಪ್ರೋಗ್ರಾಮಲ್ಲೂ ನಿನ್ ಗಿಟಾರು ಕೇಳಿಸ್ನಿಲ್ಲ ಅಂದ್ರೆ ಕೀಬೋರ್ಡಿನವನಿಗೆ ಏಳ್ಬುಡ್ತೀನಿ.” ತಮಟೆಯ ಪಕ್ಕ ಇನ್ನೊಂದು ವಾದ್ಯಕ್ಕೆಂದು ತಂಡದಲ್ಲಿ ಇರುವುದು ಒಂದೇ ಕುರ್ಚಿ. ಕೀಬೋರ್ಡ್ ಬಂದರೆ ಗಿಟಾರು ಮನೆಗೆ.

ಆ ಭಾನುವಾರದ ಬೆಳಗಿನ ಕತೆಯನ್ನು ಈಗ ಅತ್ತೆ, ಮಾವ, ಸೊಸೆ ಮೂವರೂ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳುತ್ತಾರೆ. ಬಿಸಿನೀರಿಗೆ ಹಾಕಿದರೆ ಪ್ಲಾಸ್ಟಿಕ್ ಪಿಕ್ ಮೆತ್ತಗಾಗಿ ಬೆರಳಿನ ಆಕಾರಕ್ಕೆ ಬಗ್ಗುತ್ತದೆ ಎಂದು ರೋಜಾ ಯಾವುದೋ ವಿಡಿಯೋದಲ್ಲಿ ನೋಡಿದ್ದರು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ನಾಲ್ಕು ಪಿಕ್ಕುಗಳನ್ನೂ ಅದಕ್ಕೇ ಹಾಕಿದರು. ಅಷ್ಟರಲ್ಲಿ ಬೀದಿ ನಲ್ಲಿಗೆ ನೀರು ಬಂತೆಂದು ಬಿಂದಿಗೆ ಹಿಡಿದು ಓಡಿದರು. ಅತ್ತೆಗೆ ಹೇಳುವುದು ಮರೆತರು.

“ನಂಗೇನ್ ಗೊತ್ತು? ಇಟ್ಟು ಸುರ್ದೆ, ತಿರುವ್ದೆ. ಕೋಲಿಗೆ ಏನೋ ಗಟ್ಟಿಗಟ್ಟಿ ಸಿಕ್ತು. ಗಂಟಾಗದೆ ಅನ್ಕೊಂಡು ಇನ್ನೊಂದ್ ನಾಕು ಗುದ್ದು ಜೋರಾಗೇ ಗುದ್ದಿದೆ” ಎನ್ನುತ್ತಾರೆ ಪುಟ್ಟಮಾದಮ್ಮ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಮಂಟೇಸ್ವಾಮಿ ಸೊಪ್ಪಿನ ಸಾರಿಗೆ ಅದ್ದಿ ನುಂಗಿದ ಎರಡನೇ ತುತ್ತು ಗಂಟಲಲ್ಲಿ ನಿಂತಿತು. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಪುಟ್ಟಮಾದಮ್ಮ ಬೆನ್ನಿಗೆ ಗುದ್ದಿದ ಏಟಿಗೆ ಪಿಕ್ಕೊಂದು ತಟ್ಟೆಗೆ ಬಿದ್ದು ಟಣ್ಣೆಂದಿತು.

ನೀರು ಹೊತ್ತು ಬಂದ ರೋಜಾ ತಟ್ಟೆಯಲ್ಲಿದ್ದ ಪಿಕ್ ಕಂಡು ಬಿಂದಿಗೆಯನ್ನು ಬಾಗಿಲಲ್ಲೇ ಇಳಿಸಿದರು. “ಇನ್ನು ಇದ್ರ ಸಾವಾಸ ಬ್ಯಾಡ, ಗಿಟಾರು ಯಾರಿಗಾದ್ರೂ ಕೊಟ್ಬುಡ್ತೀನಿ ಅಂತ ಅತ್ಬುಟ್ಟೆ ಸಾ. ನಮ್ ಮಾವನ ಜೀವ ಓಗಿದ್ರೆ?”

ಮಂಟೇಸ್ವಾಮಿ ನೀರು ಕುಡಿದು ಸುಧಾರಿಸಿಕೊಂಡರು. ಸೊಸೆಯ ಅಳು ಅವರ ಕಿವಿಗೆ ಬಿತ್ತೋ ಇಲ್ಲವೋ, ಉಳಿದ ಮುದ್ದೆಗಳನ್ನು ಮುರಿದು ಒಳಗಿದ್ದ ಮೂರನ್ನೂ ಹೆಕ್ಕತೊಡಗಿದರು. ಬೆರಳಿಗೆ ಚುರುಕ್ಕೆಂದಿತು. ಒತ್ತಿ ನೋಡಿದರು. “ಅಳಾದ್ನ ಆಮೇಲೆ ಅಳೀವಂತೆ, ಬಾ ಕೂಸೇ ಇಲ್ಲಿ. ಮೆತ್ತಗವೆ. ಬಿಸಿ ಆರಕ್ ಮುಂಚೆ ಬೆರಳು ಕೊಡು” ಎಂದರು. ಟವೆಲಿನ ತುದಿಯಲ್ಲಿ ಹಿಟ್ಟು ಒರೆಸಿ, ಒಂದೊಂದನ್ನೂ ಸೊಸೆಯ ಬೆರಳಿಗೆ ಸುತ್ತಿ, ಆರುವವರೆಗೂ ತಮ್ಮ ಮುಷ್ಟಿಯಲ್ಲಿ ಹಿಡಿದು ಕೂತರು. ನೀರಿನಿಂದ ತೆಗೆದರೆ ಗಳಿಗೆಯಲ್ಲಿ ತಣ್ಣಗಾಗುವ ಪ್ಲಾಸ್ಟಿಕ್, ಮುದ್ದೆಯೊಳಗೆ ಹದವಾಗಿ ಬೆಂದು ಹೇಳಿದ ಮಾತು ಕೇಳುತ್ತಿತ್ತು. ಗಂಟಲಿನಿಂದ ಬಂದದ್ದು ಮಾತ್ರ ಅತ್ತೆಯ ಕೋಲಿನ ಗುದ್ದಿಗೆ ಸೊಟ್ಟಗಾಗಿ ಯಾವ ಬೆರಳಿಗೂ ಒಪ್ಪಲಿಲ್ಲ, ನಡುಬೆರಳು ಬರಿದೇ ಉಳಿಯಿತು.

ಸಂಜೆ ಟಿ. ನರಸೀಪುರದಲ್ಲಿ ರೋಜಾ ಮೂರೇ ಪಿಕ್ಕಿನಲ್ಲಿ ನುಡಿಸಿದರು. ಬೆರಳು ನೋಯಲಿಲ್ಲ, ಒಂದೂ ಕಳಚಲಿಲ್ಲ. ಶಿವಮೂರ್ತಿ ಹಾಡಿನ ನಡುವೆ ಒಮ್ಮೆ ತಿರುಗಿ ನೋಡಿದರು. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: “ತಮಟೆಯೋನು ಕೇಳ್ತಾವ್ನೆ, ಮೈಕು ಬದ್ಲಾಯ್ಸಿದ್ರಾ ಅಂತ.”

ಈಗ ರೋಜಾ ಬಿಡುವಿನ ಭಾನುವಾರ ಬೇರೆಯವರಿಗೂ ಪಿಕ್ ಹದ ಮಾಡಿಕೊಡುತ್ತಾರೆ. ನಂಜನಗೂಡಿನ ನರ್ಸಿಂಗ್ ವಿದ್ಯಾರ್ಥಿನಿ ಕವನ ಬರುತ್ತಾಳೆ. ಅವಳೂ ಉಗುರು ಬಿಡುವಂತಿಲ್ಲ. ಅದಕ್ಕೆಂದೇ ಒಂದು ಹಿಡಿ ಹಿಟ್ಟಿನ ಬೇರೆ ಮುದ್ದೆ, ಬೇರೆ ಪಾತ್ರೆ. ಕೊನೆಗೆ ಆ ಮುದ್ದೆ ಕೋಳಿಗೆ.

ಹೊರಗೆ ವ್ಯಾನಿನ ಹಾರನ್ ಕೇಳುತ್ತದೆ. ರೋಜಾ ಪಿಕ್ಕುಗಳನ್ನು ಡಬ್ಬಿಗೆ ಹಾಕಿ ಗಿಟಾರನ್ನು ಗೋಡೆಗೆ ನೇತುಹಾಕುತ್ತಾರೆ. ಆಸೆ ಏನಾದರೂ ಉಂಟೇ ಎಂದರೆ ನಡುಬೆರಳು ಎತ್ತಿ ತೋರಿಸುತ್ತಾರೆ. “ಇದ್ಕೊಂದು ಆಗ್ಬೇಕು. ಮಾಡ್ಕಬೋದು, ಆದ್ರೆ ಬ್ಯಾಡ ಅನ್ಸುತ್ತೆ ಸಾ. ತಂತಿ ಚರ್ಮಕ್ಕೆ ತಾಗೋದು ಈಗ ಇದೊಂದ್ರಲ್ಲೇ.”

ತಂಡದ ಕುರ್ಚಿ ಉಳಿಯಿತು. ಮೂರು ಬೆರಳಿಗೆ ತಂತಿಯ ಮುಟ್ಟುವಿಕೆ ಹೋಯಿತು. ಮಂಟೇಸ್ವಾಮಿ ಈಗ ಮುದ್ದೆಯನ್ನು ಮುರಿದು ನೋಡದೆ ನುಂಗುವುದಿಲ್ಲ.