ಕೆಂಪು ಬಾಣ ಅಂಟಿಸಿದ ಸೀರೆ

ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ತಮಿಳು ಸೀಮೆಯ ತುಡಿಯಲೂರಿನ ಬಸ್‌ಸ್ಟಾಪಿನಿಂದ ಮನೆಗೆ ವಾಪಸು ಬಂದು ನೋಡಿ, ಬೀಗ ಹಾಕಿ, ಮತ್ತೆ ಸ್ಟಾಪಿಗೆ ಹೋದ ಮೇಲೆ ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಶುರು ಮಾಡುವವಳು ನಾನು. ಇಂಥವರು ಸಮಾಜಸೇವೆಗೆ ಇಳಿಯಬಾರದು. ಆದರೆ ಅಮೆರಿಕದ ಬ್ಯಾಂಕುಗಳು ಮುಳುಗಿ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಆರ್ಡರು ನಿಂತುಹೋದ ಆ ವರ್ಷ ನಾನು ಇಳಿದೆ. ಸಿಟ್ಟಿನಲ್ಲಿ ಇಳಿದೆ.

ಆಗ ನಾನು ಒಂದು ಪಂಪ್ ತಯಾರಿಸುವ ಫ್ಯಾಕ್ಟರಿಯ ಆಫೀಸಿನಲ್ಲಿದ್ದೆ. ನಮ್ಮ ಕ್ಯಾಂಟೀನ್ ನಡೆಸುತ್ತಿದ್ದಾಕೆಯ ಮನೆಮಾತು ಕನ್ನಡ. ಯಾವ ಕಾಲದಲ್ಲಿ ಯಾರು ಈ ಕಡೆ ಬಂದರೆಂದು ಅವರಿಗೇ ಗೊತ್ತಿಲ್ಲ. ಓದಲು ಬರುವುದು ತಮಿಳು ಮಾತ್ರ. ನಾನು ಮಂಡ್ಯದ ಕಡೆಯವಳೆಂದು ತಿಳಿದ ದಿನದಿಂದ ನನ್ನ ಕಾಫಿಗೆ ಡಿಕಾಕ್ಷನ್ ಹೆಚ್ಚಾಯಿತು. ಆಕೆಯ ತಂಗಿ ಪಲ್ಲಡಂನಲ್ಲಿದ್ದಳು. ಹದಿನಾಲ್ಕು ವರ್ಷ ದಿನಾ ತಿರುಪ್ಪೂರಿಗೆ ಬಸ್ಸಿನಲ್ಲಿ ಹೋಗಿ, ಚೆಕಿಂಗ್ ಟೇಬಲ್ ಮುಂದೆ ನಿಂತು, ಹೊಲಿದ ಬಟ್ಟೆಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ತಪ್ಪು ಕಂಡಲ್ಲಿ ಬಾಣದ ಆಕಾರದ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಆರ್ಡರು ನಿಂತಿತು, ಟೇಬಲ್ ಖಾಲಿಯಾಯಿತು, ಅವಳನ್ನು ಮನೆಗೆ ಕಳಿಸಿದರು.

ವಿದೇಶದ ಗಿರಾಕಿಗಳ ಪರವಾಗಿ ಮಾಲು ಪರೀಕ್ಷಿಸುವ ಒಂದು ಬೈಯಿಂಗ್ ಆಫೀಸಿನಲ್ಲಿ ಜನ ಬೇಕೆಂದು ಕೇಳಿ ಅವಳು ಹೋಗಿದ್ದಳು. ಏನಾಯಿತೆಂದು ಅಕ್ಕನ ಕ್ಯಾಂಟೀನಿನ ಹಿಂಬದಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಅವಳೇ ಹೇಳಿದಳು.

"ಬಾಗ್ಲತ್ರಾನೇ ನಿಲ್ಸ್‌ಬುಟ್ರು ಅಕ್ಕಾ. ಪೆರುಕ್ಕೋ ವೇಲೆಗೆ ಹಿಂದ್ಗಡೆ ಗೇಟು ಅಂದ್ರು. ನಾನು ಬಾಯೇ ತೆರ್ದಿರ್ಲಿಲ್ಲೆ."

ಗುಡಿಸುವ ಕೆಲಸಕ್ಕೆ ಬಂದವಳೆಂದುಕೊಂಡರು. ಹೆಸರು ಕೇಳಲಿಲ್ಲ, ಕೈಯಲ್ಲಿದ್ದ ಸರ್ಟಿಫಿಕೇಟಿನ ಕವರ್ ನೋಡಲಿಲ್ಲ.

"ಯಾವ ಸೀರೆ ಉಟ್ಕೊಂಡು ಹೋಗಿದ್ದೆ?" ಎಂದು ಕೇಳಿದೆ.

"ದೀಪಾವಳಿದು. ಹೂ ಹೂ ಇರೋ ನೈಲಾನು. ಅದೇ ನನ್ನ ನಲ್ಲ ಸೀರೆ, ಇರೋದ್ರಲ್ಲಿ ಒಳ್ಳೇದು."

ಅದೇ ಆಫೀಸಿನಲ್ಲಿ ಇನ್ನೊಂದು ಬಾರಿ ಸಂದರ್ಶನವಿತ್ತು, ಹತ್ತು ದಿನ ಬಿಟ್ಟು. ಅವಳಿಗೆ ಬೇಕಿದ್ದದ್ದು ಬಾಗಿಲು ದಾಟಿಸುವ ಒಂದು ಸೀರೆ. ಅವಳ ಟೇಬಲ್ಲಿನ ಇತರರೂ ಕೆಲಸ ಹುಡುಕುತ್ತಿದ್ದರು, ಗಂಡಸರೂ ಇದ್ದರು. ಲೋಕಕ್ಕೆಲ್ಲ ಬಟ್ಟೆ ಹೊಲಿದು ಕಳಿಸಿದ ಊರಿನವರಿಗೆ ಸಂದರ್ಶನಕ್ಕೆ ಹಾಕಿಕೊಳ್ಳಲು ಬಟ್ಟೆಯಿಲ್ಲ. ಮಾರನೆಯ ದಿನವೇ ಆಫೀಸಿನಲ್ಲಿ ದೊಡ್ಡ ರಟ್ಟಿನ ಡಬ್ಬ ಇಟ್ಟೆ. 'ಆಫೀಸಿಗೆ ಹಾಕುವಂಥ, ಉಪಯೋಗಿಸಿದ, ಒಳ್ಳೆಯ ಬಟ್ಟೆ ಕೊಡಿ' ಎಂದು ತಮಿಳಿನಲ್ಲಿ ಬರೆಸಿದೆ. 'ಒಳ್ಳೆಯ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಡಬ್ಬ ಮೂರೇ ದಿನಕ್ಕೆ ತುಂಬಿತು. ನಮ್ಮವರ ಔದಾರ್ಯವನ್ನು ಅನುಮಾನಿಸಿದ್ದಕ್ಕೆ ನಾಚಿಕೊಂಡೆ. ಮುಚ್ಚಳ ತೆಗೆಯುವವರೆಗೆ ಮಾತ್ರ. ಬಟನ್‌ಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡು ಕೊಟ್ಟ ಅಂಗಿಗಳು. ಜಿಪ್ಪು ಸತ್ತ ಪ್ಯಾಂಟುಗಳು. ಯಾರದೋ ಮದುವೆಯ ಸಫಾರಿ, ಕಂಕುಳಲ್ಲಿ ಬೆವರಿನ ನಕಾಶೆ ಸಮೇತ. ಫಾಲ್ ಬಿಚ್ಚಿಕೊಂಡ ಸೀರೆ. ಒಂದು ಲಂಗ. ಲಂಗ ಉಟ್ಟುಕೊಂಡು ಯಾವ ಆಫೀಸಿಗೆ ಹೋಗುವುದು? ನಮ್ಮ ಡೆಪ್ಯುಟಿ ಮ್ಯಾನೇಜರು ಕೊಟ್ಟ ಅಂಗಿಯ ಜೇಬಿನಲ್ಲಿ ಒಂದು ಇಂಕಿನ ಕೆರೆಯೇ ಇತ್ತು. ಅದೇ ವಾರ ಅವರ ಹೆಂಡತಿ ಮಿರಿಮಿರಿ ಹೊಳೆಯುವ ಎವರ್‌ಸಿಲ್ವರ್ ಡಬ್ಬ ತೋರಿಸಿ, "ಮೂರೇ ಪ್ಯಾಂಟಿಗೆ ಕೊಟ್ಟಳು ಪಾತ್ರೆಯವಳು, ಒಂದೂ ಹರಿದಿರಲಿಲ್ಲ ಅನ್ನಿ" ಎಂದು ಹಿಗ್ಗಿದರು. ಹಳೆಬಟ್ಟೆಗೆ ಪಾತ್ರೆ ಕೊಡುವವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ, ತೂತಿದ್ದರೆ ಮುಖಕ್ಕೆ ಎಸೆಯುತ್ತಾಳೆ. ಕೆಲಸ ಕಳೆದುಕೊಂಡವರು ಎಸೆಯುವುದಿಲ್ಲವಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳಬೇಕು, ಅದು ಅವರ ಪಾಲಿನ ಶಿಸ್ತು.

ನಾನೂ ಒಂದು ಸೀರೆ ಕೊಟ್ಟಿದ್ದೆ. ಬೂದು ಬಣ್ಣದ ಕೈಮಗ್ಗದ ಕಾಟನ್, ನೀಲಿ ಅಂಚು. ಆಡಿಟ್‌ಗೆ ಜನ ಬಂದಾಗಲೆಲ್ಲ ಉಡುತ್ತಿದ್ದದ್ದು. ಉಟ್ಟ ಸೀರೆ ಕೊಡುವಾಗ ಸೆರಗಿನಿಂದ ಒಂದು ಎಳೆ ಕಿತ್ತಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮನೆಯ ಲಕ್ಷ್ಮಿಯೂ ಜೊತೆಗೆ ಹೊರಟುಬಿಡುತ್ತಾಳೆ ಎಂದು ನನ್ನ ಅಮ್ಮ ಹೇಳುತ್ತಿದ್ದರು. ನಾನು ಬಿ.ಕಾಂ. ಓದಿದವಳು, ಇಂಥದನ್ನೆಲ್ಲ ನಂಬುವುದಿಲ್ಲ. ನಂಬದೆಯೇ ಒಂದು ಎಳೆ ಕಿತ್ತೆ. ಅದು ಅರ್ಧಕ್ಕೆ ತುಂಡಾದಂತೆ ಅನಿಸಿ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಕಿತ್ತೆ.

ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಸೀರೆ ಆರಿಸಿಕೊಂಡು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಊಟದ ಟೇಬಲ್ಲನ್ನು ಕಿಟಕಿಯ ಬೆಳಕಿಗೆ ಎಳೆದು, ಪರ್ಸಿನಿಂದ ಬಾಣಗಳ ಹಾಳೆ ತೆಗೆದು, ಡಬ್ಬವನ್ನೆಲ್ಲ ಸುರಿದುಕೊಂಡು ನಿಂತೇ ಶುರು ಮಾಡಿದಳು. ಕಾಲರ್, ತೋಳು, ಬಗಲು, ಅಂಚು. ಒಂದೊಂದು ಬಟ್ಟೆಗೆ ಹೆಚ್ಚೆಂದರೆ ಅರ್ಧ ನಿಮಿಷ. ಎಡಕ್ಕೆ ಪಾಸು, ಮಧ್ಯೆ ರಿಪೇರಿ, ಬಲಕ್ಕೆ ರಿಜೆಕ್ಟು. ಬಲಗಡೆ ಗುಡ್ಡವೆದ್ದಿತು. ಡೆಪ್ಯುಟಿ ಮ್ಯಾನೇಜರ ಅಂಗಿಯೊಂದಕ್ಕೇ ಏಳು ಬಾಣ.

"ಇವ್ರ ಮನೇಲಿ ನೆಲ ಒರ್ಸೋ ಬಟ್ಟೆ ಇಲ್ವಾ ಅಕ್ಕಾ? ಪಾವಂ, ಇದ್ನೂ ಕೊಟ್ಬುಟ್ರೆ ಏನ್ ಮಾಡ್ತಾರೆ?"

ಆಮೇಲೆ ನನ್ನ ಸೀರೆ. ಸೆರಗಿನ ಹತ್ತಿರ ಅವಳ ಬೆರಳು ನಿಂತಿತು.

"ಇದು ಮಗ್ಗದ ತಪ್ಪು ಇಲ್ಲೆ. ಯಾರೋ ಬೇಕೂಂತ ಕಿತ್ತವ್ರೆ."

"ಹಳೇದಲ್ವಾ, ತಾನಾಗೇ ಬಿಟ್ಟಿರಬಹುದು" ಎಂದೆ.

"ತಾನಾಗೇ ಬಿಟ್ರೆ ಹಿಂಗೆ ಗೆರೆ ಎಳ್ದಂಗೆ ಬರಲ್ಲ. ಅದೂ ಎರಡು." ತಲೆ ಎತ್ತಿ ನನ್ನ ಮುಖ ನೋಡಿದಳು. ಹದಿನಾಲ್ಕು ವರ್ಷದ ಕಣ್ಣು. ಒಪ್ಪಿಕೊಂಡೆ.

"ನಮ್ಮವ್ವನೂ ಕೀಳೋಳು" ಎಂದಳು. "ಆದ್ರೆ ಒಂದೇ."

ಮುಲಾಜಿಲ್ಲದೆ ಎರಡು ಬಾಣ ಅಂಟಿಸಿ ಮಧ್ಯದ ರಾಶಿಗೆ ಹಾಕಿದಳು. ಇಡೀ ಡಬ್ಬದಲ್ಲಿ ಪಾಸಾದದ್ದು ಎರಡು ಅಂಗಿ, ಒಂದು ಪ್ಯಾಂಟು. ಸೀರೆ ಒಂದೂ ಇಲ್ಲ. ಕೊನೆಗೆ ನನ್ನ ಸೀರೆಯ ಒಳತುದಿಯಿಂದ ನೂಲು ತೆಗೆದು ಅವಳೇ ರಫು ಮಾಡಿಕೊಂಡಳು. ನಾನು ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ಕೊಟ್ಟೆ. ಗಂಜಿ ಹೆಚ್ಚಾಯಿತೇನೋ, ಕುಳಿತರೆ ಸದ್ದಾಗುತ್ತದೇನೋ ಎಂದು ಸಂದರ್ಶನದ ದಿನದವರೆಗೆ ಕೊರಗಿದೆ.

ಕೆಲಸ ಸಿಕ್ಕಿತು. ಶನಿವಾರ ಕ್ಯಾಂಟೀನಿಗೆ ಬಂದು ಅವಳು ನಗುತ್ತಲೇ ಹೇಳಿದಳು.

"ಅದೇ ಆಳು ಅಕ್ಕಾ. ಹೋದ ವಾಟಿ ಹಿಂದ್ಗಡೆ ಗೇಟು ತೋರ್ಸಿದ್ನಲ್ಲ, ಅವನೇ. 'ವಾಂಗ ಮೇಡಂ, ಉಕ್ಕಾರುಂಗ' ಅಂತ ಕುರ್ಚಿ ಎಳ್ದ. ಟೀ ಬೇರೆ. ನನ್ನ ಗುರುತೇ ಸಿಗ್ಲಿಲ್ಲೆ ಅವನ್ಗೆ."

ಒಳಗೆ ಒಂದು ಟೀ ಶರ್ಟು ಕೊಟ್ಟರಂತೆ. ಅವರ ಆಫೀಸಿನವರೇ ಪಾಸು ಮಾಡಿದ್ದರಲ್ಲಿ ಮೂರು ತಪ್ಪು ತೋರಿಸಿದಳಂತೆ. ಕ್ಯಾಂಟೀನಿನ ಅವಳ ಅಕ್ಕ ಎಲ್ಲರಿಗೂ ಕೇಸರಿಬಾತ್ ಹಂಚಿದಳು. ನನ್ನ ತಟ್ಟೆಯನ್ನು ನಾನು ಪಕ್ಕಕ್ಕೆ ಸರಿಸಿದೆ. ಆ ಮೂರು ತಪ್ಪುಗಳನ್ನು ಅವಳು ಮೊದಲ ದಿನವೂ ತೋರಿಸುತ್ತಿದ್ದಳು. ಅವೇ ಕಣ್ಣು, ಅವೇ ಕೈ, ಅದೇ ಸರ್ಟಿಫಿಕೇಟಿನ ಕವರ್. ಆ ಮನುಷ್ಯ ಕುರ್ಚಿ ಎಳೆದದ್ದು ನನ್ನ ಗಂಜಿಗೆ. ಅವನನ್ನು ಮನಸ್ಸಿನಲ್ಲೇ ಸಾಕಷ್ಟು ಬೈದೆ. ಬೈಯುತ್ತಿರುವಾಗಲೇ, ಬೆಳ್ಳುಳ್ಳಿ ಸುಲಿಯುತ್ತಿದ್ದವಳಿಗೆ ನಾನು ಮೊದಲು ಕೇಳಿದ ಪ್ರಶ್ನೆ ಯಾವುದೆಂದು ನೆನಪಾಯಿತು. ಯಾವ ಸೀರೆ ಉಟ್ಟಿದ್ದೆ ಎಂದೇ ಅಲ್ಲವೇ ಕೇಳಿದ್ದು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ, ರಿಜೆಕ್ಟಾದ ಬಟ್ಟೆಗಳನ್ನು ಬಾಣ ಸಮೇತ, ಕೊಟ್ಟವರವರ ಮೇಜಿನ ಮೇಲೆ ಮಡಿಸಿ ಇಟ್ಟುಬಂದೆ. ಇಡೀ ತಿಂಗಳು ಡೆಪ್ಯುಟಿ ಮ್ಯಾನೇಜರು ಕರೆದಾಗಲೆಲ್ಲ ಆ ಏಳು ಬಾಣಗಳ ವಿಷಯಕ್ಕೇ ಇರಬೇಕೆಂದು ಉತ್ತರ ಸಿದ್ಧ ಮಾಡಿಕೊಂಡೇ ಹೋಗುತ್ತಿದ್ದೆ.

ಮೊದಲ ಸಂಬಳ ಬಂದ ವಾರ ಅವಳು ಸೀರೆ ವಾಪಸು ತಂದಳು. ಒಗೆದು, ಗಂಜಿ ಹಾಕಿ, ಎಕ್ಸ್‌ಪೋರ್ಟಿಗೆ ಕಳಿಸುವಂತೆ ಒಳಗೆ ರಟ್ಟಿಟ್ಟು ಮಡಿಸಿದ್ದಳು. ಅವಳ ಹಳೆಯ ಟೇಬಲ್ಲಿನ ಇನ್ನೊಬ್ಬಳಿಗೆ ಒಂದು ಆಸ್ಪತ್ರೆಯಲ್ಲಿ ಸಂದರ್ಶನವಿದೆಯಂತೆ, ಅವಳಿಗೆ ಬೇಕಂತೆ.

"ನೀನೇ ಇಟ್ಕೋ ಅಂತ ಕೊಟ್ಟಿದ್ದಲ್ವಾ" ಎಂದೆ.

"ನಾನ್ಯಾಕೆ ಇಟ್ಕೊಳ್ಲಿ, ನಂಗೆ ಬಾಗ್ಲು ತೆರೀತಲ್ಲ."

ಸೆರಗಿನ ಮೇಲೆ, ರಫು ಮಾಡಿದ ಜಾಗದಲ್ಲಿ, ಹೊಸದಾಗಿ ಒಂದು ಕೆಂಪು ಬಾಣವಿತ್ತು. ಕೀಳಲು ಹೋದೆ. ನನ್ನ ಕೈ ಹಿಡಿದಳು.

"ಇರ್ಲಿ ಅಕ್ಕಾ. ಉಡೋಳಿಗೆ ಯಾವ ಮಡಿಕೆ ಒಳಗಾಕ್ಬೇಕು ಅಂತ ಗೊತ್ತಿರ್ಬೇಕು. ಗೇಟತ್ರ ನಿಂತೋನು ಅದನ್ನೇ ತಾನೇ ನೋಡೋದು."